ಜೀಪಿನ ಕೆಳಗಿನ ಎಣ್ಣೆ ಕಲೆ: ಹಳೆಯ ಫೋರ್ ವೀಲ್ ಡ್ರೈವ್ ವಾಹನದಲ್ಲಿ ಸೋರಿಕೆಯ ಮೂಲ ಹುಡುಕುವ ಬಗೆ

ಚಿತ್ರದುರ್ಗದ ಸುತ್ತಮುತ್ತ ಹಳೆಯ ಜೀಪು ಇನ್ನೂ ದುಡಿಯುವ ವಾಹನವೇ. ಹೊಳಲ್ಕೆರೆಯ ಕಡೆ ಅಡಿಕೆ ತೋಟಕ್ಕೆ ಗೊಬ್ಬರ ಹೊರುವುದರಿಂದ ಹಿಡಿದು ಮಳೆ ಬಿದ್ದ ಎರೆಹೊಲದ ದಾರಿ ದಾಟುವವರೆಗೆ ಅದಕ್ಕೆ ಕೆಲಸವಿದೆ. ಹಾಗೆ ದುಡಿಯುವ ಜೀಪು ಎಲ್ಲಿ ನಿಂತರೂ ನೆಲಕ್ಕೆ ಒಂದು ಕಲೆ ಬಿಟ್ಟು ಹೋಗುವುದನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಕಲೆಯ ಬಗ್ಗೆ ಹೆದರಬೇಕಾಗಿಲ್ಲ. ಆದರೆ ಅದು ಯಾವ ಎಣ್ಣೆ, ಎಲ್ಲಿಂದ ಬರುತ್ತಿದೆ, ಎಷ್ಟು ಬರುತ್ತಿದೆ ಎಂಬುದು ಮಾಲೀಕನಿಗೆ ಗೊತ್ತಿರಬೇಕು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮಹೀಂದ್ರಾ ಎಂಎಂ 540 ಜೀಪಿನ ಕ್ಲಚ್ ಹೌಸಿಂಗ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಕೂರುವ ಗೂಡು) ಕೆಳಗೆ ಎಣ್ಣೆ ಹನಿಯತೊಡಗಿದಾಗ, ಒಬ್ಬ ಮೇಸ್ತ್ರಿ ನೋಡಿದ ಕೂಡಲೇ ಕ್ರ್ಯಾಂಕ್ ಶಾಫ್ಟಿನ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡದ, ಹಿಂದಿನ ಸೀಲ್ (ಎಣ್ಣೆ ತಡೆಯುವ ಉಂಗುರ) ಹೋಗಿದೆ ಎಂದರು. ಗೇರ್‌ಬಾಕ್ಸ್ ಇಳಿಸಿ, ಸೀಲ್ ಬದಲಿಸಿ, ಮತ್ತೆ ಏರಿಸುವುದಕ್ಕೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಗಾತ್ರದ ಕಲೆ ಬಿದ್ದಿತ್ತು. ಸೋರುತ್ತಿದ್ದುದು ಎಂಜಿನ್ನಿನ ನೆತ್ತಿಯ ಮೇಲಿರುವ ಟ್ಯಾಪೆಟ್ ಕವರಿನ ಹಿಂದಿನ ಮೂಲೆ. ಅಲ್ಲಿಂದ ಎಣ್ಣೆ ಬ್ಲಾಕಿನ ಹಿಂಬದಿಯಲ್ಲಿ ಯಾರಿಗೂ ಕಾಣದಂತೆ ಇಳಿದು ಹೌಸಿಂಗ್ ತಳದಿಂದ ತೊಟ್ಟಿಕ್ಕುತ್ತಿತ್ತು. ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಯ ಹೊಡೆತಕ್ಕೆ ಮುಂದಿನಿಂದ ಹಿಂದಕ್ಕೆ ಹರಡುತ್ತದೆ. ಆದ್ದರಿಂದ ಹನಿ ಬೀಳುವ ಜಾಗವನ್ನು ಬಿಟ್ಟು, ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಎಲ್ಲಕ್ಕಿಂತ ಮುಂದಿನದು ಯಾವುದೆಂದು ಹುಡುಕಬೇಕು.

ಕೆಳಗೆ ನುಸುಳುವ ಮುನ್ನ

ಜಾಕಿಯೊಂದರ ಮೇಲೆಯೇ ನಿಂತ ವಾಹನದ ಕೆಳಗೆ ತಲೆಯನ್ನೂ ಕೈಯನ್ನೂ ಹಾಕಬಾರದು. ನಮ್ಮ ಊರಿನಲ್ಲಿ ಕಲ್ಲಿಗೆ ಬರವಿಲ್ಲವಾದ್ದರಿಂದ ಚಪ್ಪಡಿ ಪೇರಿಸಿ ಅದರ ಮೇಲೆ ಆಕ್ಸಲ್ ಕೂರಿಸುವ ರೂಢಿಯಿದೆ. ಭಾರ ಒಂದೇ ಬಿಂದುವಿನ ಮೇಲೆ ಬಿದ್ದರೆ ಕಲ್ಲು ಯಾವ ಮುನ್ಸೂಚನೆಯೂ ಇಲ್ಲದೆ ಸೀಳುತ್ತದೆ, ಹಾಗಾಗಿ ಕಬ್ಬಿಣದ ಆಕ್ಸಲ್ ಸ್ಟ್ಯಾಂಡನ್ನೇ ಬಳಸಬೇಕು. ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಚಕ್ರಗಳಲ್ಲಿರದೆ ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯ) ಹಿಂಭಾಗದಲ್ಲಿರುತ್ತದೆ. ಅಂಥ ವಾಹನದಲ್ಲಿ ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದ ಕೂಡಲೇ ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಆಕ್ಸಲ್ಲಿನ ಗೇರು) ಆ ಚಕ್ರವನ್ನು ತಿರುಗಲು ಬಿಡುವುದರಿಂದ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ವಾಹನ ಉರುಳಬಲ್ಲದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಕಟ್ಟಿಗೆಯ ತಡೆ ಕೊಡಿ. ಎಂಜಿನ್ ಮತ್ತು ಸೈಲೆನ್ಸರ್ ತಣ್ಣಗಾಗಲಿ. ತೊಳೆಯುವುದಕ್ಕೆ ಪೆಟ್ರೋಲ್ ಬಳಸಬೇಡಿ.

ನೆಲದ ಮೇಲೆ ಕಲೆ ಇದೆ, ಯಾವ ಎಣ್ಣೆ ಎಂದು ತಿಳಿಯುತ್ತಿಲ್ಲ

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಹಳೆಯ ರಟ್ಟಿನ ಡಬ್ಬವನ್ನು ಬಿಚ್ಚಿ, ಅದರ ಮೇಲೆ ಮುಂದು, ಹಿಂದು, ಎಡ, ಬಲ ಎಂದು ಬರೆದು, ರಾತ್ರಿ ವಾಹನದ ಕೆಳಗೆ ಹಾಸಿ. ನಾಲ್ಕು ಚಕ್ರಗಳ ಸ್ಥಾನವನ್ನೂ ಗುರುತು ಮಾಡಿಕೊಂಡರೆ ಬೆಳಿಗ್ಗೆ ಕಲೆಗಳ ನಕ್ಷೆಯೇ ಸಿಗುತ್ತದೆ.

ಬಣ್ಣ ಮತ್ತು ವಾಸನೆ ಉಳಿದದ್ದನ್ನು ಹೇಳುತ್ತವೆ. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದರಿಂದ ಅದರ ಗುರುತು ಸುಲಭ. ಗೇರ್ ಆಯಿಲ್ ಜೇನಿನ ಬಣ್ಣದಿಂದ ಕಂದು ಬಣ್ಣದವರೆಗೆ ಇರುತ್ತದೆ, ಬೆರಳಿಗೆ ಹೆಚ್ಚು ಅಂಟುತ್ತದೆ, ಅದರಲ್ಲಿನ ಗಂಧಕದ ಅಂಶದಿಂದ ಕೊಳೆತ ಮೊಟ್ಟೆಯಂಥ ನಾತ ಹೊಡೆಯುತ್ತದೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಬ್ರೇಕ್ ಆಯಿಲ್ ತೆಳು ಹಳದಿ, ನೀರು ಹಾಕಿದರೆ ಕರಗಿ ಹೋಗುತ್ತದೆ, ಬಣ್ಣವನ್ನು ಕೀಳುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದರ ದ್ರವ ಸಾಮಾನ್ಯವಾಗಿ ಕೆಂಪು. ಹಸಿರು ಅಥವಾ ನೀಲಿ ಬಣ್ಣದ ಸಿಹಿ ವಾಸನೆಯ ದ್ರವ ರೇಡಿಯೇಟರಿನದು. ಅದನ್ನು ಮೂಸಿ ನೋಡಿದರೆ ಸಾಕು, ನಾಲಿಗೆಗೆ ತಾಗಿಸಬಾರದು, ಏಕೆಂದರೆ ಅದು ವಿಷ.

ಪ್ರಮಾಣವನ್ನೂ ಲೆಕ್ಕ ಹಾಕಬಹುದು. ಸುಮಾರು 20 ಹನಿ ಸೇರಿದರೆ 1 ಮಿಲಿ ಲೀಟರ್. ಹತ್ತು ನಿಮಿಷಕ್ಕೆ ಒಂದು ಹನಿಯಂತೆ 8 ಗಂಟೆಯ ರಾತ್ರಿಯಲ್ಲಿ ಬೀಳುವುದು 48 ಹನಿ, ಅಂದರೆ ಎರಡೂವರೆ ಮಿಲಿ ಲೀಟರಿಗಿಂತ ಕಡಿಮೆ. ರಟ್ಟಿನ ಮೇಲೆ ಅದು ಅಂಗೈಯಷ್ಟು ಹರಡಿ ಗಾಬರಿ ಹುಟ್ಟಿಸುತ್ತದೆ, ಆದರೆ ವಾರಕ್ಕೊಮ್ಮೆ ಡಿಪ್ ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುತ್ತಿದ್ದರೆ ಅಪಾಯವೇನಿಲ್ಲ. ಎಂಜಿನ್ ಓಡುವಾಗ ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 180 ಮಿಲಿ ಲೀಟರ್ ಹೋಗುತ್ತದೆ. ಡಿಪ್ ಸ್ಟಿಕ್ಕಿನ ಎರಡು ಗೆರೆಗಳ ನಡುವಿನ ಅಂತರ ಅನೇಕ ಎಂಜಿನ್‌ಗಳಲ್ಲಿ ಸುಮಾರು ಒಂದು ಲೀಟರ್ ಮಾತ್ರ; ಆ ಲೆಕ್ಕದಲ್ಲಿ ಐದಾರು ಗಂಟೆಯ ಓಡಾಟಕ್ಕೆ ಆಯಿಲ್ ಕೆಳಗಿನ ಗೆರೆಗೆ ಇಳಿದಿರುತ್ತದೆ.

ಎಂಜಿನ್ ತುಂಬ ಎಣ್ಣೆ, ಮೂಲ ಕಾಣುವುದಿಲ್ಲ

ತೊಳೆಯುವ ಮುನ್ನ ಧೂಳನ್ನು ಓದಬೇಕು. ನಮ್ಮ ರಸ್ತೆಗಳ ಧೂಳು ಈ ಕೆಲಸಕ್ಕೆ ಒಳ್ಳೆಯ ಸಾಕ್ಷಿ. ಹಳೆಯ ಸೋರಿಕೆಯ ಮೇಲೆ ಧೂಳು ಕೂತು ಬೆರಳು ದಪ್ಪದ ಗಟ್ಟಿ ಮಡ್ಡಿಯಾಗಿರುತ್ತದೆ, ಈಗ ಜೋರಾಗಿ ಸೋರುತ್ತಿರುವ ಜಾಗದಲ್ಲಿ ಎಣ್ಣೆಯೇ ಧೂಳನ್ನು ತೊಳೆಯುವುದರಿಂದ ಲೋಹ ಮಿರುಗುತ್ತದೆ. ಮಡ್ಡಿಯ ನಡುವೆ ತೆಳ್ಳಗೆ ಮಿರುಗುವ ಗೆರೆ ಕಂಡರೆ ಅದನ್ನು ಮೇಲ್ಮುಖವಾಗಿ ಹಿಂಬಾಲಿಸಿ.

ಆಮೇಲೆ ಮಡ್ಡಿಯನ್ನು ಕೆರೆದು, ಡಿಗ್ರೀಸರ್ ಹಚ್ಚಿ ತೊಳೆಯಿರಿ. ಡೈನಮೋ, ಸೆಲ್ಫ್, ಗಾಳಿ ಫಿಲ್ಟರಿನ ಬಾಯಿ ಇವುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಡೀಸೆಲ್ ಎಂಜಿನ್ ಬಿಸಿಯಾಗಿರುವಾಗ ಇಂಜೆಕ್ಷನ್ ಪಂಪಿನ ಮೇಲೆ ತಣ್ಣೀರು ಸುರಿಯಬೇಡಿ. ಚೆನ್ನಾಗಿ ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ನೋಡಿ. ಬಿಳಿಯ ಮೇಲೆ ಕಪ್ಪು ಗೆರೆ ಎಲ್ಲಿ ಹುಟ್ಟುತ್ತದೆಯೋ ಅಲ್ಲೇ ಮೂಲ. ಈ ಪರೀಕ್ಷೆ ಮಾಡುವಾಗ ಉತ್ತರೀಯ, ಪಂಚೆಯ ಚುಂಗು, ಸಡಿಲ ತೋಳು ಯಾವುದೂ ಫ್ಯಾನಿನ ಹತ್ತಿರ ಸುಳಿಯಬಾರದು. ಏನೂ ಕಾಣದಿದ್ದರೆ 20 ಕಿ.ಮೀ. ಓಡಿಸಿ ಮತ್ತೆ ನೋಡಿ. ಕೆಲವು ಸೋರಿಕೆಗಳು ಎಣ್ಣೆ ಪೂರ್ತಿ ಬಿಸಿಯಾಗಿ ತೆಳ್ಳಗಾದ ಮೇಲಷ್ಟೇ ಹೊರಬರುತ್ತವೆ.

ಎಲ್ಲ ಕಡೆಯಿಂದ ಜಿನುಗುತ್ತದೆ, ಹೊಸ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ

ಒಂದೇ ಸಲಕ್ಕೆ ನಾಲ್ಕಾರು ಕಡೆ ಸೋರುತ್ತಿದ್ದರೆ ನಾಲ್ಕಾರು ಪ್ಯಾಕಿಂಗ್ (ಎರಡು ಲೋಹದ ಮುಖಗಳ ನಡುವೆ ಸೋರದಂತೆ ಕೂರಿಸುವ ಪದರ) ಒಟ್ಟಿಗೆ ಹಾಳಾಗಿವೆ ಎಂದು ತಿಳಿಯಬೇಕಾಗಿಲ್ಲ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲ ಕ್ರ್ಯಾಂಕ್ ಕೇಸಿಗೆ (ಕ್ರ್ಯಾಂಕ್ ಶಾಫ್ಟ್ ಇರುವ ಎಂಜಿನ್ನಿನ ಕೆಳಭಾಗಕ್ಕೆ) ಇಳಿಯುವುದು ಎಲ್ಲ ಎಂಜಿನ್ನಿನಲ್ಲೂ ಇದ್ದದ್ದೇ. ಅದು ಹೊರಹೋಗಲು ಇರುವ ಬ್ರೀದರ್ ಕೊಳವೆಯಲ್ಲಿ ಮಡ್ಡಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಎಲ್ಲಿ ದುರ್ಬಲ ಜಾಗ ಸಿಕ್ಕೀತೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಯಾವ ಸೀಲಿಗೂ ಕೈ ಹಾಕುವ ಮುನ್ನ ಬ್ರೀದರ್ ಕೊಳವೆಯನ್ನು ಕಳಚಿ, ಒಳಗಿನ ತಂತಿಯ ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ. ನನ್ನ ಅನುಭವದಲ್ಲಿ ಇದರಷ್ಟು ಅಗ್ಗವಾದ, ಇದರಷ್ಟು ಅಲಕ್ಷ್ಯಕ್ಕೆ ಒಳಗಾದ ದುರಸ್ತಿ ಮತ್ತೊಂದಿಲ್ಲ.

ಬ್ರೀದರ್ ಸ್ವಚ್ಛವಾಗಿದ್ದೂ ತೊಂದರೆ ಮುಂದುವರಿದರೆ, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತಿರುವಿ, ಬೋರಲಾಗಿ ಬಾಯಿಯ ಮೇಲೆಯೇ ಇಡಿ. ಮುಚ್ಚಳ ಸಣ್ಣಗೆ ಅಲುಗಾಡಿದರೆ ಚಿಂತೆಯಿಲ್ಲ. ಅದು ಕುಣಿದು ಪಕ್ಕಕ್ಕೆ ಹಾರಿ, ಹಬೆಯ ಇಂಜಿನ್ನಿನಂತೆ ಹೊಗೆ ತಳ್ಳಿದರೆ ರಿಂಗು ಮತ್ತು ಬೋರು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಸವೆದಿವೆ ಎಂದರ್ಥ. ಆಗ ಪ್ಯಾಕಿಂಗ್ ಬದಲಿಸಿ ಪ್ರಯೋಜನವಿಲ್ಲ, ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು.

ಡಿಪ್ ಸ್ಟಿಕ್ಕಿನಲ್ಲಿ ಮಟ್ಟ ಮೇಲಿನ ಗೆರೆಯನ್ನು ದಾಟಿದ್ದರೆ ಆಗಲೂ ಎಲ್ಲ ಕಡೆ ಸೋರುತ್ತದೆ. ನೀವು ಹೆಚ್ಚು ಸುರಿದಿರಬಹುದು, ಅಷ್ಟಾದರೆ ಹೆಚ್ಚಿನದನ್ನು ಬಸಿದರೆ ಮುಗಿಯಿತು. ಆದರೆ ಯಾರೂ ಸುರಿಯದೆ ಮಟ್ಟ ತಾನಾಗಿ ಏರುತ್ತಿದ್ದರೆ ವಿಷಯ ಗಂಭೀರ. ಎಣ್ಣೆ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಇಂಧನ ಪಂಪಿನಿಂದ ಡೀಸೆಲ್ ಒಳಗಿಳಿಯುತ್ತಿದೆ. ಕಾಫಿಗೆ ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರುತ್ತಿದೆ, ಬಹಳ ಸಲ ಹೆಡ್ ಪ್ಯಾಕಿಂಗ್ ಹೋಗಿರುತ್ತದೆ. ಎರಡೂ ಸಂದರ್ಭಗಳಲ್ಲಿ ಎಂಜಿನ್ ಚಾಲೂ ಮಾಡದೆ ಮೇಸ್ತ್ರಿಯನ್ನು ಕರೆಸಿ. ಮಟ್ಟ ಮಿತಿಮೀರಿದ ಡೀಸೆಲ್ ಎಂಜಿನ್ ಬ್ರೀದರ್ ಮೂಲಕ ತನ್ನದೇ ಆಯಿಲನ್ನು ಎಳೆದುಕೊಂಡು ಉರಿಸತೊಡಗಿದರೆ, ಕೀಲಿ ತಿರುಗಿಸಿದರೂ ನಿಲ್ಲದೆ ವೇಗ ಏರಿಸಿಕೊಂಡು ಒಡೆದುಹೋಗಬಹುದು.

ಸುಟ್ಟ ವಾಸನೆ, ಬಾನೆಟ್ ಸಂದಿಯಲ್ಲಿ ತೆಳು ಹೊಗೆ

ಟ್ಯಾಪೆಟ್ ಕವರಿನಿಂದ ಇಳಿದ ಎಣ್ಣೆ ಬಿಸಿ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಬರುವ ಕೊಳವೆ) ಮೇಲೆ ಬೀಳುವುದು ಇದರ ಸಾಮಾನ್ಯ ಕಾರಣ. ಬೆಂಕಿ ಹತ್ತುವ ಸಾಧ್ಯತೆ ಇರುವುದರಿಂದ ಇದನ್ನು ನಾಳೆಗೆ ಬಿಡಬಾರದು.

ಅನೇಕರು ಇಲ್ಲಿ ಮಾಡುವ ಮೊದಲ ತಪ್ಪೆಂದರೆ ಬೋಲ್ಟನ್ನು ಇನ್ನಷ್ಟು ಬಿಗಿಯುವುದು. ಕವರು ತಗಡಿನದು. ಅತಿಯಾಗಿ ಬಿಗಿದಾಗ ಬೋಲ್ಟಿನ ಸುತ್ತ ತಗಡು ಕೆಳಕ್ಕೆ ಗುಳಿ ಬೀಳುತ್ತದೆ, ಎರಡು ಬೋಲ್ಟುಗಳ ನಡುವಿನ ಅಂಚು ಮೇಲಕ್ಕೆ ಬಾಗುತ್ತದೆ, ಸೋರಿಕೆ ಮೊದಲಿಗಿಂತ ಹೆಚ್ಚುತ್ತದೆ. ಕವರನ್ನು ಬಿಚ್ಚಿ ಗಾಜಿನ ಹಲಗೆಯ ಮೇಲಿಟ್ಟು, ಅಂಚಿನ ಕೆಳಗೆ ಬೆಳಕು ಎಲ್ಲಿ ನುಸುಳುತ್ತದೆ ನೋಡಿ. ಗುಳಿ ಬಿದ್ದ ಕಡೆ ಒಳಗಿನಿಂದ ಗುಂಡುತಲೆಯ ಸುತ್ತಿಗೆಯಲ್ಲಿ, ಅಡಿಗೆ ಗಟ್ಟಿ ಕಟ್ಟಿಗೆ ಕೊಟ್ಟು, ಸಣ್ಣ ಸಣ್ಣ ಪೆಟ್ಟಿನಿಂದ ಸಮ ಮಾಡಿ. ನನ್ನ ಜೀಪಿನ ಕವರಿನ ಹಿಂದಿನ ಮೂಲೆಯಲ್ಲಿ ಹಳೆಯ ಕಾರ್ಕ್ ಪ್ಯಾಕಿಂಗ್ ಬಿಸಿಲಿಗೆ ಒಣಗಿದ ಹಪ್ಪಳದಂತೆ ಮುರಿದು, ಉಗುರಿನಷ್ಟು ಅಗಲದ ಒಂದು ಚೂರು ಕಾಣೆಯಾಗಿತ್ತು. ಅಷ್ಟಕ್ಕಾಗಿ ಗೇರ್‌ಬಾಕ್ಸ್ ಇಳಿಸಿದ್ದೆವು.

ಹೊಸ ಪ್ಯಾಕಿಂಗ್ ಕೂರಿಸುವ ಮುನ್ನ ಎರಡೂ ಮುಖಗಳಲ್ಲಿ ಎಣ್ಣೆಯ ಅಂಶ ಉಳಿಯಬಾರದು. ನಡುವಿನಿಂದ ಆರಂಭಿಸಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಸಿಲಿಕಾನ್ ಪೇಸ್ಟನ್ನು ದಪ್ಪಗೆ ಬಳಿಯುವ ಚಾಳಿ ಬೇಡ. ಒಳಕ್ಕೆ ಉಬ್ಬಿದ ಪೇಸ್ಟು ಕಿತ್ತು ಚೇಂಬರಿಗೆ (ಎಂಜಿನ್ ತಳದ ಆಯಿಲ್ ತಟ್ಟೆಗೆ) ಬಿದ್ದು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿದರೆ ಸೋರಿಕೆಗಿಂತ ದೊಡ್ಡ ನಷ್ಟ. ಪ್ಯಾಕಿಂಗ್ ಕೊಳ್ಳುವಾಗ ಅಂಗಡಿಯಲ್ಲಿ ಜೀಪಿನ ಹೆಸರಷ್ಟೇ ಹೇಳಿದರೆ ಸಾಲದು, ಏಕೆಂದರೆ ಹಳೆಯ ಜೀಪುಗಳಿಗೆ ನಡುವೆ ಬೇರೆ ಎಂಜಿನ್ ಕೂರಿಸಿರುವುದು ಸಾಮಾನ್ಯ. ಎಂಎಂ 540ಕ್ಕೆ ಕಾರ್ಖಾನೆಯಿಂದ ಬಂದದ್ದು ಪ್ಯೂಜೊ ಮೂಲದ ಎಕ್ಸ್‌ಡಿಪಿ 4.90, 2112 ಸಿಸಿ ಡೀಸೆಲ್ ಎಂಜಿನ್. ಅದರ ಬೋರ್ 90 ಮಿ.ಮೀ. ನಿಮ್ಮ ಬಾನೆಟ್ಟಿನ ಕೆಳಗಿರುವುದು ಅದೇ ಹೌದೇ ಎಂದು ನೋಡಿಕೊಂಡು ಹಳೆಯ ಪ್ಯಾಕಿಂಗನ್ನು ಜೊತೆಗೆ ಒಯ್ಯಿರಿ.

ಎಂಜಿನ್ನಿನ ಪಕ್ಕ, ತಳ ಅಥವಾ ಮುಂಭಾಗ ಒದ್ದೆ

ಇತ್ತೀಚೆಗೆ ಆಯಿಲ್ ಬದಲಿಸಿದ್ದರೆ ಮೊದಲ ಅನುಮಾನ ಫಿಲ್ಟರಿನ ಮೇಲೆ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಬ್ಲಾಕಿಗೇ ಅಂಟಿಕೊಂಡು, ಅದರ ಮೇಲೆ ಹೊಸ ಉಂಗುರ ಕೂತಿದ್ದರೆ ಒತ್ತಡಕ್ಕೆ ಎಣ್ಣೆ ಚಿಮ್ಮುತ್ತದೆ. ಡ್ರೇನ್ ಪ್ಲಗ್ಗಿನ ತಾಮ್ರದ ವಾಷರ್ ಪ್ರತಿ ಸಲ ಹೊಸದಿರಲಿ. ಆಯಿಲ್ ಪ್ರೆಷರ್ ಸ್ವಿಚ್ಚಿನ ವೈರ್ ಕಿತ್ತು ನೋಡಿ. ಕನೆಕ್ಟರಿನ ಒಳಗೆ ಎಣ್ಣೆ ಇದ್ದರೆ ಸ್ವಿಚ್ ಒಳಗಿನಿಂದಲೇ ಸೋರುತ್ತಿದೆ, ಬದಲಿಸುವುದು ಹತ್ತು ನಿಮಿಷದ ಕೆಲಸ.

ಚೇಂಬರನ್ನು ಬೇರೆ ಕಾರಣಕ್ಕೂ ನೋಡಬೇಕು. ಜೋಗಿಮಟ್ಟಿಯಂಥ ಕಲ್ಲುದಾರಿಯಲ್ಲಿ ತಳಕ್ಕೆ ಪೆಟ್ಟು ಬಿದ್ದಿದ್ದರೆ, ಸೋರದಿದ್ದರೂ ತಗಡು ಒಳಕ್ಕೆ ನುಗ್ಗಿ ಪಂಪಿನ ಎಳೆಗೊಳವೆಯ ಬಾಯಿಯನ್ನು ಒತ್ತಿರಬಹುದು. ಪೆಟ್ಟಿನ ಬಳಿಕ ಪ್ರೆಷರ್ ಮೀಟರ್ ಮೊದಲಿಗಿಂತ ಕಡಿಮೆ ತೋರಿಸಿದರೆ ವಾಹನ ನಿಲ್ಲಿಸಿ, ಚೇಂಬರ್ ಇಳಿಸಿ ನೋಡಿಸಿ.

ಫ್ಯಾನಿನ ಹಿಂದಿನ ಪುಲ್ಲಿಯಿಂದ ಎಣ್ಣೆ ವೃತ್ತಾಕಾರವಾಗಿ ಎರಚಿ, ಬೆಲ್ಟು, ರೇಡಿಯೇಟರ್ ಹಿಂಬದಿ, ಬಾನೆಟ್ಟಿನ ಒಳಮುಖ ಎಲ್ಲ ಚುಕ್ಕೆ ಚುಕ್ಕೆಯಾಗಿದ್ದರೆ ಅದು ಕ್ರ್ಯಾಂಕಿನ ಮುಂದಿನ ಸೀಲ್. ಹಳೆಯ ಸೀಲ್ ತೆಗೆದ ಮೇಲೆ ಪುಲ್ಲಿಯ ಕತ್ತಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಬಹಳ ದಿನ ಬಾಳದು. ಸೀಲನ್ನು ಒಂದೆರಡು ಮಿ.ಮೀ. ಹಿಂದೆ ಮುಂದೆ ಕೂರಿಸಲು ಜಾಗವಿದ್ದರೆ ಹಾಗೆ ಮಾಡಬಹುದು, ಇಲ್ಲವೇ ಕತ್ತಿಗೆ ತೆಳು ಉಕ್ಕಿನ ತೋಳು ಹಾಕಿಸಬೇಕು. ಸೀಲಿನ ಮೇಲಿನ 40×60×10 ಎಂಬಂಥ ಅಂಕಿಗಳು ಕ್ರಮವಾಗಿ ಒಳವ್ಯಾಸ, ಹೊರವ್ಯಾಸ, ದಪ್ಪವನ್ನು ಮಿ.ಮೀ.ಗಳಲ್ಲಿ ಹೇಳುತ್ತವೆ. ಅದನ್ನು ಬರೆದುಕೊಂಡು ಹೋದರೆ ಜೀಪಿನ ಬಿಡಿಭಾಗದ ಅಂಗಡಿಯಲ್ಲಿ ಸಿಗದ ಸೀಲ್ ದಾವಣಗೆರೆಯ ಯಾವುದಾದರೂ ಬೇರಿಂಗ್ ಅಂಗಡಿಯಲ್ಲಿ ಸಿಗುವುದುಂಟು. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು, ತುಟಿಗೆ ಮೊದಲೇ ಎಣ್ಣೆ ಸವರಿರಬೇಕು.

ಕ್ಲಚ್ ಹೌಸಿಂಗ್ ತಳದಿಂದ ಹನಿ

ಇಲ್ಲಿ ಬೀಳುವ ಎಣ್ಣೆಗೆ ಮೂರು ಮೂಲಗಳಿವೆ: ಕ್ರ್ಯಾಂಕಿನ ಹಿಂದಿನ ಸೀಲ್, ಗೇರ್‌ಬಾಕ್ಸಿನ ಮುಂದಿನ ಸೀಲ್, ಮತ್ತು ನನಗೆ ಪಾಠ ಕಲಿಸಿದ ಮೇಲಿನ ಭಾಗ. ಹನಿ ನಾರುವ ಗೇರ್ ಆಯಿಲ್ ಆಗಿದ್ದರೆ ಗೇರ್‌ಬಾಕ್ಸ್ ಸೀಲ್. ಕಪ್ಪು ಎಂಜಿನ್ ಆಯಿಲ್ ಆಗಿದ್ದರೆ ಟ್ಯಾಪೆಟ್ ಕವರಿನ ಹಿಂಭಾಗ, ಬ್ಲಾಕಿನ ಹಿಂದಿನ ಮುಖ ಇವುಗಳನ್ನು ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿ. ಅವು ಪೂರ್ತಿ ಒಣಗಿದ್ದರೆ ಮಾತ್ರ ಹಿಂದಿನ ಸೀಲನ್ನು ದೂರಿ.

ಸೀಲೇ ಹೋಗಿದೆ ಎಂದು ಖಚಿತವಾದರೂ ಅವಸರ ಬೇಡ. ಕ್ಲಚ್ ಜಾರದಿದ್ದರೆ, ಹನಿ ಕಡಿಮೆಯಿದ್ದರೆ, ಕ್ಲಚ್ ಪ್ಲೇಟ್ ಬದಲಿಸುವ ದಿನ ಬರುವವರೆಗೆ ಮಟ್ಟ ನೋಡಿಕೊಂಡು ಓಡಿಸಿ, ಗೇರ್‌ಬಾಕ್ಸ್ ಇಳಿಸಿದಾಗ ಎರಡನ್ನೂ ಒಟ್ಟಿಗೆ ಮಾಡಿಸುವುದು ಜಾಣತನ. ಏರುದಾರಿಯಲ್ಲಿ ಎಂಜಿನ್ ಕೂಗಿದರೂ ವಾಹನ ಮುಂದೆ ಹೋಗದಿದ್ದರೆ ಪ್ಲೇಟಿಗೆ ಎಣ್ಣೆ ತಗುಲಿದೆ, ಆಗ ಮುಂದೂಡುವಂತಿಲ್ಲ. ಗೇರ್‌ಬಾಕ್ಸ್ ಇಳಿಸುವುದು ಒಬ್ಬರೇ ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ.

ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ, ನಡುಭಾಗದಲ್ಲಿ ಗೇರ್ ಆಯಿಲ್ ಕಲೆ

ಹ್ಯಾಂಡ್ ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಜೀಪುಗಳಲ್ಲಿ ಇವೆರಡೂ ಒಂದೇ ರೋಗದ ಲಕ್ಷಣಗಳು. ಹಿಂದಿನ ಔಟ್‌ಪುಟ್ ಸೀಲ್ ಸೋರಿ ಎಣ್ಣೆ ಡ್ರಮ್ಮಿನೊಳಗೆ ಹೋಗಿರುತ್ತದೆ. ಕೇಬಲ್ ಬಿಗಿ ಮಾಡುವುದರಿಂದ ಏನೂ ಆಗದು. ಸೀಲ್ ಬದಲಿಸಿ, ಎಣ್ಣೆ ಕುಡಿದ ಲೈನರನ್ನೂ ಬದಲಿಸಬೇಕು. ಹಳೆಯ ಲೈನರಿನಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಅದರ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಸೀಲ್ ಕೀಳುವ ಮುನ್ನ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡರ ಮಟ್ಟದ ಪ್ಲಗ್ಗುಗಳನ್ನೂ ಬಿಚ್ಚಿ ನೋಡಿ. ಒಂದರಲ್ಲಿ ಎಣ್ಣೆ ಇಳಿದು ಇನ್ನೊಂದರಲ್ಲಿ ತುಂಬಿ ಹೊರಚೆಲ್ಲಿದರೆ ನಡುವಿನ ಸೀಲ್ ದಾಟಿ ಎಣ್ಣೆ ವಲಸೆ ಹೋಗುತ್ತಿದೆ; ಹೊರಗೆ ಕಾಣುವ ಸೋರಿಕೆ ಅದರ ಪರಿಣಾಮ ಅಷ್ಟೆ. ಮತ್ತೆ ತುಂಬುವಾಗ ಕೈಪಿಡಿ ಹೇಳಿದ ದರ್ಜೆಯನ್ನೇ ಬಳಸಿ. ಹಿತ್ತಾಳೆಯ ಸಿಂಕ್ರೊ ಉಂಗುರಗಳಿರುವ ಹಳೆಯ ಗೇರ್‌ಬಾಕ್ಸಿಗೆ ಜಿಎಲ್ 4 ದರ್ಜೆಯ ಗೇರ್ ಆಯಿಲ್ ಎಂದಿದ್ದರೆ, ಅಂಗಡಿಯವರು ಇದೇ ಇನ್ನೂ ಒಳ್ಳೆಯದು ಎಂದು ಜಿಎಲ್ 5 ಕೊಟ್ಟರೂ ಹಾಕಬೇಡಿ.

ಚಕ್ರದ ಒಳಬದಿ ಒದ್ದೆ, ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ

ಈ ಲಕ್ಷಣ ಕಂಡ ಮೇಲೆ ವಾಹನವನ್ನು ರಸ್ತೆಗೆ ಇಳಿಸಬಾರದು. ಗೇರ್ ಆಯಿಲ್ ಆಗಿದ್ದರೆ ಆಕ್ಸಲ್ ಸೀಲ್, ತೆಳು ಹಳದಿ ದ್ರವವಾಗಿದ್ದರೆ ವೀಲ್ ಸಿಲಿಂಡರ್. ಮುಂದಿನ ಆಕ್ಸಲ್ಲಿನಲ್ಲಿ ಗುಂಡನೆಯ ಮುಚ್ಚಿದ ನಕಲ್ (ಚಕ್ರ ಹೊರಳುವ ಕೀಲು) ಇರುವ ಹಳೆಯ ಜೀಪುಗಳಲ್ಲಿ, ಗುಂಡಿನ ಮೇಲೆ ಗ್ರೀಸು ತೆಳ್ಳಗೆ ಸವರಿದಂತಿದ್ದರೆ ಅದು ಸಹಜ; ತೆಳುವಾದ ಎಣ್ಣೆ ಹರಿಯುತ್ತಿದ್ದರೆ ಒಳಗಿನ ಸೀಲ್ ಬಿಟ್ಟು ಡಿಫರೆನ್ಷಿಯಲ್ ಎಣ್ಣೆ ಬರುತ್ತಿದೆ.

ಆಕ್ಸಲ್ಲಿಗೂ ಒಂದು ಬ್ರೀದರ್ ಇದೆ. ಹಳ್ಳ ದಾಟುವ ಜೀಪುಗಳಲ್ಲಿ ಅದರ ಬಾಯಿಗೆ ಕೆಸರು ಮೆತ್ತಿಕೊಂಡಿರುತ್ತದೆ. ಅದನ್ನು ಬಿಡಿಸಿ, ಮಟ್ಟದ ಪ್ಲಗ್ಗಿನ ಬಳಿ ಎಣ್ಣೆಯ ಬಣ್ಣ ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಸೀಲ್ ಸರಿಯಿದ್ದರೂ ಎಣ್ಣೆ ಬದಲಿಸಲೇಬೇಕು. ಪಿನಿಯನ್ ಸೀಲ್ (ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರುವ ಬಾಯಿಯ ಸೀಲ್) ಸೋರಿಕೆಗೆ ಮಾತ್ರ ತಿಳಿದವರನ್ನೇ ಕರೆಯಿರಿ. ಅಲ್ಲಿನ ನಟ್ಟಿನ ಬಿಗಿಗೂ ಬೇರಿಂಗ್ ಮೇಲಿನ ಭಾರಕ್ಕೂ ಸಂಬಂಧವಿರುವ ಆಕ್ಸಲ್‌ಗಳಲ್ಲಿ, ಗಾಳಿ ಗನ್ ಹಿಡಿದು ತಿರುವಿದರೆ ಒಂದು ಸೀಲಿನ ಬದಲು ಕ್ರೌನ್ ಪಿನಿಯನ್ನೇ ಕೊಳ್ಳಬೇಕಾದೀತು.

ದುರಸ್ತಿಯ ಬಳಿಕ

ಬಸಿದ ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ, ಹೊಲದ ಬದುವಿಗೆ ಸುರಿಯುವ ರೂಢಿ ನಮ್ಮಲ್ಲಿ ಹಳೆಯದು. ಅದು ಮಣ್ಣಿಗೂ ಬಾವಿಗೂ ಇಳಿಯುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಡಬ್ಬದಲ್ಲಿ ತುಂಬಿಟ್ಟು, ಬಳಸಿದ ಎಣ್ಣೆ ಸಂಗ್ರಹಿಸುವ ಪರವಾನಗಿ ಇರುವವರಿಗೆ ವರ್ಕ್‌ಶಾಪ್ ಮೂಲಕ ಕೊಡಿ.

ನಾನು ಯಾವ ಸೀಲ್ ಬದಲಿಸಿದರೂ ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ಹೆದ್ದಾರಿಯಲ್ಲಿ ಓಡಿಸಿ, ಅಲ್ಲಿ ತಣ್ಣಗಾದ ಮೇಲೆ ಮಟ್ಟ ನೋಡಿ, ಹಿಂದಿರುಗಿದ ರಾತ್ರಿ ಹೊಸ ರಟ್ಟು ಹಾಸುತ್ತೇನೆ. ದಿನಾಂಕ ಬರೆದ ಹಳೆಯ ರಟ್ಟುಗಳನ್ನು ಶೆಡ್ಡಿನ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಈಗ ಉಳಿದಿರುವುದು ಟ್ರಾನ್ಸ್‌ಫರ್ ಕೇಸಿನ ಕೆಳಗೆ ರೂಪಾಯಿ ನಾಣ್ಯದಷ್ಟು ಕಲೆ. ಮೂರು ರಟ್ಟುಗಳಲ್ಲಿ ಅದರ ಗಾತ್ರ ಬದಲಾಗಿಲ್ಲವಾದ್ದರಿಂದ ಸದ್ಯಕ್ಕೆ ಅದನ್ನು ಹಾಗೆಯೇ ಬಿಟ್ಟಿದ್ದೇನೆ.